ಬಡ್ಡಿ: ವೃದ್ಧಿಯ ಇನ್ನೊಂದು ಬಾಳು

ಬೆಂಗಳೂರಿನ ಚಿಕ್ಕಲಸಂದ್ರದ ಅಡ್ಡರಸ್ತೆಗಳಲ್ಲಿ ‘ಎರಡು ರೂಪಾಯಿ ಬಡ್ಡಿ’ ಎಂದರೆ ಯಾರೂ ಅರ್ಥ ಕೇಳುವುದಿಲ್ಲ. ನೂರಕ್ಕೆ ತಿಂಗಳಿಗೆ ಎರಡು, ಅಂದರೆ ವರ್ಷಕ್ಕೆ ಶೇ 24. ಈ ‘ಬಡ್ಡಿ’ಯ ಮನೆತನ ಶಬ್ದಪ್ರಿಯರಾದ ನಮಗೆ ಗೊತ್ತಿದ್ದದ್ದೇ: ಸಂಸ್ಕೃತದ ‘ವೃದ್ಧಿ’ ಪ್ರಾಕೃತದಲ್ಲಿ ‘ವಡ್ಢಿ’ಯಾಗಿ, ತೆಲುಗರಲ್ಲಿ ‘ವಡ್ಡಿ’, ತಮಿಳರಲ್ಲಿ ‘ವಟ್ಟಿ’ ಎನಿಸಿಕೊಂಡು, ವೀರ ಬೀರನಾದ, ವಸತಿ ಬಸದಿಯಾದ ದಾರಿಯಲ್ಲೇ ನಮ್ಮಲ್ಲಿ ವಕಾರ ಬಕಾರವಾಗಿ ನೆಲೆನಿಂತಿತು.

ಹಣದ ಅರ್ಥ ಕನ್ನಡಕ್ಕೆ ಬರುವ ಮೊದಲೇ ವೃದ್ಧಿಗೆ ಅಂಟಿತ್ತು. ಆ, ಐ, ಔಗಳ ಸಂಜ್ಞೆಯಾಗಿ ವೃದ್ಧಿಯನ್ನು ಮೊದಲ ಸೂತ್ರದ ಮೊದಲಲ್ಲೇ ಇರಿಸಿದ ಪಾಣಿನಿ, ಐದನೆಯ ಅಧ್ಯಾಯದಲ್ಲಿ ಆಯ, ಲಾಭ, ಶುಲ್ಕಗಳ ಜೊತೆಗೆ ಅದೇ ಶಬ್ದವನ್ನು ಬಡ್ಡಿಯ ಅರ್ಥದಲ್ಲಿ ಕೂರಿಸುತ್ತಾನೆ. ಮನುಸ್ಮೃತಿಯ ಚಕ್ರವೃದ್ಧಿಯೇ ನಮ್ಮ ಚಕ್ರಬಡ್ಡಿ. ಜೊತೆಗಾರ ‘ಅಸಲು’ ಅರಬ್ಬಿಯಿಂದ ಬಂದದ್ದು, ಅಲ್ಲಿ ಅದಕ್ಕೆ ಬೇರು ಎಂದರ್ಥ. ಸಂಸ್ಕೃತದ ಮೂಲಧನವೂ ಬೇರೇ. ಬೇರು ಹಾಗೇ ಉಳಿಯಬೇಕು, ಬೆಳೆದದ್ದನ್ನಷ್ಟೇ ಉಣ್ಣಬೇಕು ಎಂಬ ಈ ಕಲ್ಪನೆಯನ್ನು ನಮ್ಮ ಶಾಸನಗಳು ಆಚರಿಸಿ ತೋರಿಸಿವೆ. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಹಾಲಿನ ಅಭಿಷೇಕಕ್ಕೆಂದು ಗದ್ಯಾಣದ ಹೊನ್ನು ಇಟ್ಟವರು, ಬಡ್ಡಿಯಿಂದಲೇ ನಿತ್ಯದ ಹಾಲು ಸಲ್ಲಬೇಕೆಂದು ಕಲ್ಲಿನಲ್ಲಿ ಬರೆಸಿದರು.

ಬಡ್ಡಿಯ ಲೋಕದ ಇನ್ನೊಂದು ಕವಲು ‘ಭೋಗ್ಯ’. ದಕ್ಷಿಣ ಬೆಂಗಳೂರಿನ ಗೇಟುಗಳಲ್ಲಿ ‘ಮನೆ ಭೋಗ್ಯಕ್ಕಿದೆ’ ಎಂಬ ಹಲಗೆ ನಾವೆಲ್ಲ ನೋಡಿದ್ದೇ: ಒಂದಿಷ್ಟು ಲಕ್ಷ ಇಡಿಗಂಟು ಕೊಟ್ಟರೆ ಹಣಕ್ಕೆ ಬಡ್ಡಿಯಿಲ್ಲ, ಮನೆಗೆ ಬಾಡಿಗೆಯಿಲ್ಲ. ಅಡವಿಟ್ಟ ವಸ್ತುವನ್ನು ಸಾಲ ಕೊಟ್ಟವನು ಅನುಭವಿಸುತ್ತಿದ್ದರೆ ಅವನಿಗೆ ಬಡ್ಡಿ ಸಲ್ಲದು ಎಂಬುದು ಧರ್ಮಶಾಸ್ತ್ರದ ಹಳೆಯ ಕಟ್ಟಳೆ. ಅದು ಇಂದಿಗೂ ಕರಾರುಪತ್ರಗಳಲ್ಲಿ ಬಾಳುತ್ತಿರುವುದು ನನಗೆ ಪರಮ ಸಂತೋಷದ ಸಂಗತಿ.

ತದ್ಭವ ‘ಬಡ್ಡಿ’ ಹೀಗೆ ಕೇರಿಯಲ್ಲಿ ಉಳಿಯಿತು. ತತ್ಸಮ ‘ಅಭಿವೃದ್ಧಿ’ಯಾಗಿ ವಿಧಾನಸೌಧ ಹೊಕ್ಕಿತು. ಒಂದೇ ಬಸಿರಿನ ಈ ಎರಡು ಶಬ್ದಗಳ ಪೈಪೋಟಿಯ ಮೇಲೆಯೇ, ಬಡ್ಡಿ ಬೇಗ ಏರುತ್ತದೋ ಆದಾಯ ಬೇಗ ಬೆಳೆಯುತ್ತದೋ ಎಂಬುದರ ಮೇಲೆಯೇ, ನಾಡುಗಳ ಸಾಲದ ಭವಿಷ್ಯ ನಿಂತಿದೆ. 1944ರಲ್ಲಿ ಅರ್ಥಶಾಸ್ತ್ರಜ್ಞ ಎವ್ಸಿ ಡೊಮರ್ ತೋರಿಸಿದ್ದು ಇದನ್ನೇ: ಸಾಲದ ಮೊತ್ತವೊಂದನ್ನೇ ನೋಡಿ ಹೆದರಬೇಕಿಲ್ಲ, ದೇಶದ ಆದಾಯ ಎಷ್ಟು ಬೇಗ ಬೆಳೆಯುತ್ತದೆ ಎಂಬುದನ್ನೂ ನೋಡಬೇಕು. ವಾರ್ಷಿಕ ಉತ್ಪನ್ನದ ಎರಡು ಪಟ್ಟಿಗಿಂತ ಹೆಚ್ಚು ಸಾಲ ಹೊತ್ತ ಜಪಾನ್, ಕಡಿಮೆ ಬಡ್ಡಿಯ ಬಲದಿಂದ ವರ್ಷಗಟ್ಟಲೆ ನಿಂತಿದೆ. ಅದಕ್ಕಿಂತ ಎಷ್ಟೋ ಹಗುರ ಹೊರೆಯ ಶ್ರೀಲಂಕಾ 2022ರಲ್ಲಿ ವಿದೇಶಿ ಸಾಲದ ಕಂತು ಕಟ್ಟಲಾಗದೆ ಕೈಚೆಲ್ಲಿತು. ನಮ್ಮ ರಾಜ್ಯದ 2025-26ರ ಬಜೆಟ್ಟಿನಲ್ಲಿ ಹೊಸ ಸಾಲ 1.16 ಲಕ್ಷ ಕೋಟಿ ರೂಪಾಯಿ. ಒಟ್ಟು ಹೊಣೆ ರಾಜ್ಯದ ಉತ್ಪನ್ನದ ಶೇ 24.91. ವಿತ್ತೀಯ ಹೊಣೆಗಾರಿಕೆ ಕಾಯ್ದೆ ಎಳೆದ ಗೆರೆ ಶೇ 25.

ಆದರೆ ವೃದ್ಧಿ ಯಾರದು, ಬಡ್ಡಿ ಯಾರದು? ಬಂಡವಾಳದ ಗಳಿಕೆ ನಾಡಿನ ಬೆಳವಣಿಗೆಯನ್ನು ಮೀರಿ ಓಡಿದರೆ ಇದ್ದವರ ಕೈಯಲ್ಲೇ ಸಿರಿ ರಾಶಿಬೀಳುತ್ತದೆ ಎಂದು 2013ರಲ್ಲಿ ತೋಮಾ ಪಿಕೆಟ್ಟಿ ವಾದಿಸಿದರು. ನಮ್ಮಲ್ಲಿ ಅದಕ್ಕೂ ಮುಂಚೆ, 2002ರಲ್ಲೇ, ಪ್ರಾದೇಶಿಕ ಅಸಮತೋಲನವನ್ನು ಅಳೆದ ಡಿ.ಎಂ. ನಂಜುಂಡಪ್ಪ ಸಮಿತಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತ್ತು. ಸರ್ಕಾರಕ್ಕೆ ಶೇ 7ರ ಆಸುಪಾಸಿನಲ್ಲಿ ಸಿಗುವ ಸಾಲ ತರಕಾರಿ ಗಾಡಿಯವರಿಗೆ ಎರಡು ರೂಪಾಯಿ, ಮೂರು ರೂಪಾಯಿ, ಕೊನೆಗೆ ಆಟೊ ಮೀಟರಿನಂತೆ ಏರುತ್ತಲೇ ಹೋಗುವ ‘ಮೀಟರ್ ಬಡ್ಡಿ’. ವರ್ಷಕ್ಕೆ ಶೇ 24ರಷ್ಟು ಏರುವ ದುಡಿಮೆ ಯಾವ ಗಾಡಿಯಲ್ಲಿದೆ? ಮಿತಿಮೀರಿದ ಬಡ್ಡಿಯನ್ನು ನಿಷೇಧಿಸುವ ಕಾಯ್ದೆ 2004ರಿಂದಲೇ ಇದೆ. ಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯೂ ಬಂತು. ಒಂದೇ ಬಸಿರಿನ ಎರಡು ಶಬ್ದಗಳಲ್ಲಿ ಬಡವನ ಪಾಲಿಗೆ ಬಂದದ್ದು ಬಡ್ಡಿಯೊಂದೇ, ಅದು ಅನ್ಯಾಯ.

ವಾರದ್ದು, ಸುಗ್ಗಿಯದ್ದು, ಒಡವೆಯ ಮೇಲಿನದ್ದು ಎಂದು ಬಡ್ಡಿಯನ್ನು ಅಳೆಯುವ ಮಾತುಗಳು ನಿಮ್ಮ ಸೀಮೆಯಲ್ಲೂ ಇದ್ದಾವು. ಅವು ಮರೆಯಾಗುವ ಮೊದಲು ಬರೆದು ತಿಳಿಸಿ.