ಆನೆಯ ಮೂಗಿಗೆ ನಾವು ಯಾರು?

ಕೊಪ್ಪದ ಸುತ್ತಿನ ನಮಗೆ ಆನೆ ಅಂದರೆ ದಸರೆ ಅಲ್ಲ, ರಾತ್ರಿ. ಒಂದು ಕಡೆ ಕಾವೇರಿ, ಆಚೆ ದಡದಲ್ಲಿ ಕುಶಾಲನಗರ, ಈ ಕಡೆ ಬೈಲಕುಪ್ಪೆಯ ಟಿಬೆಟಿನವರ ಜೋಳದ ಹೊಲ, ಅದರಾಚೆಗೆ ಕಾಡು. ರಾಗಿ ತೆನೆ ಕಟ್ಟಿತು ಅಂದರೆ ಅಟ್ಟಣೆ ಏಳುತ್ತದೆ. ಅಟ್ಟಣೆ ಮೇಲೆ ಕೂರುವವನು ಎಷ್ಟೋ ಸಲ ಹೊಲದ ಒಡೆಯನಲ್ಲ. ಕೂಲಿಗೆ ಬಂದ ನಮ್ಮವನು. ಒಂದು ತಗಡಿನ ಡಬ್ಬ, ನಾಲ್ಕು ಪಟಾಕಿ, ಬ್ಯಾಟರಿ, ಕಂಬಳಿ. ಅಲ್ಲಿ ಕೂತು ಕೂತು ನೆರೆತ ನಮ್ಮ ಹಿರಿಯರು ಹೇಳೋದು ಒಂದೇ ಮಾತು: "ಬೀಡಿ ಹಚ್ಚಬ್ಯಾಡ ಕಣ್ಲಾ. ನೀ ಅದನ್ನ ಕಾಣಾಕೆ ಮುಂಚೇನೆ ಅದು ನಿನ್ನ ಮೂಸಿರ್ತದೆ."

ಈ ಮಾತನ್ನು ನಾವು ಕಾಲೇಜಿಗೆ ಹೋದ ಮೇಲೂ ಮರೆಯಲಿಲ್ಲ. ಯಾಕೆಂದರೆ ಅಲ್ಲಿ ಓದಿದ ಚರಿತ್ರೆಯಲ್ಲೆಲ್ಲ ಮನುಷ್ಯನೇ ಆನೆಯನ್ನು ನೋಡುತ್ತಾನೆ. ರಾಜ ನೋಡುತ್ತಾನೆ, ಬಿಳಿಯ ದೊರೆ ನೋಡುತ್ತಾನೆ, ಜಂಬೂಸವಾರಿಯ ದಿನ ಲಕ್ಷ ಜನ ನೋಡುತ್ತಾರೆ. ಆನೆ ನಮ್ಮನ್ನು ಏನಂತ ತಿಳಿದುಕೊಂಡಿದೆ ಅನ್ನೋದನ್ನ ಯಾರೂ ಬರೆಯಲಿಲ್ಲ. ನೋಡಿಸಿಕೊಳ್ಳೋರ ಚರಿತ್ರೆ ಬರೆಯೋ ಅಭ್ಯಾಸ ಈ ದೇಶಕ್ಕಿಲ್ಲ; ನಮಗೆ ಇದು ಚೆನ್ನಾಗಿ ಗೊತ್ತು.

ಹೆಗ್ಗಡದೇವನಕೋಟೆಯ ಕಾಕನಕೋಟೆಯಿಂದ ಶುರು ಮಾಡೋಣ. ಅಲ್ಲಿ ಹೈದರಾಲಿ ಆನೆ ಹಿಡಿಯಲು ಹೋಗಿ ಸೋತನಂತೆ. ಮುಂದೆ ಯಾವನೂ ಇದನ್ನು ಸಾಧಿಸಲಾರ, ಪ್ರಯತ್ನಪಟ್ಟವನಿಗೆ ಶಾಪ ತಗಲಲಿ ಅಂತ ಕಲ್ಲಿನ ಮೇಲೆ ಬರೆಸಿದನಂತೆ. ಹೀಗಂತ ಬರೆದವನು ಜಿ.ಪಿ. ಸ್ಯಾಂಡರ್ಸನ್. ಮೈಸೂರು ಸೀಮೆಯ ಕಾಲುವೆ ನೋಡಿಕೊಳ್ಳುತ್ತಿದ್ದ ಈ ಇಂಗ್ಲಿಷಿನವನು 1874ರಲ್ಲಿ ಚಾಮರಾಜನಗರದ ಕಡೆ ಒಂದು ಹಿಂಡನ್ನೇ ಖೆಡ್ಡಾಕ್ಕೆ ಕೆಡವಿದ. 1878ರಲ್ಲಿ ಅದನ್ನೆಲ್ಲ ಪುಸ್ತಕ ಮಾಡಿದ. ಆಮೇಲೆ ಖೆಡ್ಡಾ ಕಾಕನಕೋಟೆಯ ಕಬಿನಿ ದಡಕ್ಕೆ ಬಂತು. ಅರಮನೆಯ ಅತಿಥಿಗಳಿಗೆ ತಮಾಷೆಯೂ ಆಯಿತು. 1906ರಲ್ಲಿ ವೇಲ್ಸಿನ ರಾಜಕುಮಾರ ಬಂದು ನೋಡಿದ, ಮುಂದೆ ಐದನೇ ಜಾರ್ಜ್ ಆದವನು. 1922ರಲ್ಲಿ ಅವನ ಮಗ ಬಂದ. ಅವರ ಹೆಸರು, ಅವರು ಕೂತ ಜಾಗ ಎಲ್ಲ ದಾಖಲೆಯಲ್ಲಿದೆ. ಕಾಡಿನಲ್ಲಿ ಹಗಲು ರಾತ್ರಿ ನಿಂತು ತಮಟೆ ಬಡಿದವರ ಹೆಸರಿಲ್ಲ.

ಈಗ ಇದನ್ನೇ ಆನೆಯ ಕಡೆಯಿಂದ ನೋಡಿ. ಮೊದಲು ವಾಸನೆ. ಗಾಳಿಗೆ ಎಲ್ಲೋ ಮನುಷ್ಯ. ಆ ಕಡೆ ಬಿಟ್ಟು ಈ ಕಡೆ ಹೋದರೆ ಇಲ್ಲೂ ಮನುಷ್ಯ. ಸುತ್ತ ಬೆಂಕಿ, ಹೊಗೆ, ತಮಟೆ, ಬಿದಿರು ಸೀಳುವ ಸದ್ದು, ಕೋವಿ. ದಿನಗಟ್ಟಲೆ ಹೀಗೆ. ತಾಯಂದಿರು ಮರಿಗಳನ್ನು ಹೊಟ್ಟೆಯ ಕೆಳಗೆ ಹಾಕಿಕೊಂಡು ಒತ್ತಾಗಿ ನಿಲ್ಲುತ್ತವೆ. ಕೊನೆಗೆ ಒಂದೇ ದಿಕ್ಕು ಖಾಲಿ ಅನ್ನಿಸುತ್ತದೆ, ಅದು ಹೊಳೆ. ಹೊಳೆಗಿಳಿದು ಆಚೆ ಹತ್ತಿದರೆ ಮರದ ದಿಮ್ಮಿಯ ಕೋಟೆ. ಹಿಂದಿನಿಂದ ಬಾಗಿಲು ಬೀಳುತ್ತದೆ. ಆ ಸದ್ದು ಮಾಡಿದವರು ನಮ್ಮಂಥ ಬಡವರು, ಹೊಟ್ಟೆಪಾಡಿಗೆ ಹೋದವರು. ಆನೆಗೆ ಅದೆಲ್ಲಿ ಗೊತ್ತು? ಅದರ ಪಾಲಿಗೆ ಮನುಷ್ಯ ಅಂದರೆ ತಮಟೆ. ಆಚೆ ಅಟ್ಟಣೆಯಲ್ಲಿ ತಣ್ಣಗೆ ಕೂತಿದ್ದ ರಾಜಕುಮಾರನನ್ನು ಅದು ಕಂಡಿರಲಾರದು. ಇದು ನಮಗೆ ಹೇಳಿಕೊಳ್ಳಲು ಹಿತವಾದ ಮಾತಲ್ಲ, ಆದರೂ ಹೇಳಬೇಕು. ತಮಟೆ ನಮ್ಮದು, ಅದನ್ನು ಯಾರ ಮೇಲೆ ಬಡಿಯಬೇಕು ಅಂತ ಗೊತ್ತು ಮಾಡಿದವರು ಬೇರೆ.

ಕೋಟೆಯೊಳಗೆ ಇನ್ನೊಂದು ವಿಚಿತ್ರ ಕಾಣುತ್ತದೆ. ಒಳಕ್ಕೆ ಬರುವುದು ಮನುಷ್ಯನಲ್ಲ, ಆನೆ. ಹಿಂದೆ ಹೀಗೇ ಹಿಡಿಸಿಕೊಂಡು ಪಳಗಿದ ಕುಮ್ಕಿ ಆನೆ. ಅದರ ಮೈಯಲ್ಲಿ ಆನೆ ವಾಸನೆಯೂ ಇದೆ, ಮನುಷ್ಯನ ವಾಸನೆಯೂ ಇದೆ. ಎರಡು ಕುಮ್ಕಿಗಳು ಆಚೀಚೆ ಒತ್ತಿ ಹಿಡಿದರೆ ಒಬ್ಬ ಕೆಳಗಿಳಿದು ಹಿಂಗಾಲಿಗೆ ಹಗ್ಗ ಬಿಗಿಯುತ್ತಾನೆ. ನಮ್ಮವನನ್ನು ನಮ್ಮವನ ಕೈಲೇ ಹಿಡಿಸೋ ಈ ಉಪಾಯ ಕಾಡಿಗೆ ಮಾತ್ರ ಸೇರಿದ್ದು ಅಂತ ನಾವು ನಂಬೋದಿಲ್ಲ.

ಅಲ್ಲಿಂದ ಮುಂದೆ ಸೊಕ್ಕು ಇಳಿಯುವವರೆಗೆ ಕಟ್ಟು. ಹಸಿವಾದಾಗ ಒಬ್ಬನೇ ಒಬ್ಬ ಬರುತ್ತಾನೆ, ಕಬ್ಬು ಕೊಡುತ್ತಾನೆ, ಮಾತಾಡುತ್ತಾನೆ, ಮೈ ತೊಳೆಯುತ್ತಾನೆ. ಅವನೇ ಮಾವುತ. ನಮ್ಮ ಕಡೆಯ ಕ್ಯಾಂಪುಗಳಲ್ಲಿ ಮಾವುತರು, ಕಾವಾಡಿಗಳು ಬಹಳ ಮಂದಿ ಜೇನುಕುರುಬರು. ಮನುಷ್ಯ ಅಂದರೆ ತಮಟೆ ಅಂತ ತಿಳಿದಿದ್ದ ಆನೆಗೆ ಮನುಷ್ಯರಲ್ಲಿ ಒಬ್ಬ ಬೇರೆಯಾಗಿ ಕಾಣುವುದು ಹೀಗೆ. ಇದು ಪ್ರೀತಿಯೋ ಸೋಲೋ, ಎರಡನ್ನೂ ಬಿಡಿಸಿ ಹೇಳುವಷ್ಟು ಬುದ್ಧಿವಂತರು ನಾವಲ್ಲ. ಜೀತ ಇದ್ದ ಮನೆಯ ಮಕ್ಕಳಿಗೆ ಆ ಎರಡರ ಗಂಟು ಗೊತ್ತು.

1968ರಲ್ಲಿ ಕಾಕನಕೋಟೆಯಲ್ಲಿ ಹಿಡಿದ ಒಂದು ಗಂಡಾನೆಗೆ ಅರ್ಜುನ ಅಂತ ಹೆಸರಿಟ್ಟರು. 2012ರಿಂದ 2019ರವರೆಗೆ ಎಂಟು ಸಲ ಚಿನ್ನದ ಅಂಬಾರಿ ಹೊತ್ತಿತು. ಅಂಬಾರಿಯ ತೂಕ 750 ಕಿಲೋ. ಚಿನ್ನ ಇರುವುದು ಬೆನ್ನ ಮೇಲೆ. ಆನೆಗೆ ತನ್ನ ಬೆನ್ನು ಕಾಣದು. ಅದಕ್ಕೆ ಗೊತ್ತಾಗೋದು ತೂಕ ಮಾತ್ರ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಕಡೆ ಕಾಡಾನೆ ಹಿಡಿಯೋಕೆ ಇದೇ ಅರ್ಜುನನನ್ನು ಮುಂದೆ ಬಿಟ್ಟರು. ಕಾಡಿನ ಸಲಗ ತಿವಿದು ಕೊಂದಿತು. ಆ ಸಲಗದ ಮೂಗಿಗೆ ಅರ್ಜುನ ಆನೆಯಾಗಿ ಬಡಿದನೋ ಮನುಷ್ಯನಾಗಿ ಬಡಿದನೋ!

ಮೂಗಿನ ಮಾತು ನಾವು ಸುಮ್ಮನೆ ಆಡುತ್ತಿಲ್ಲ. ಆಫ್ರಿಕದ ಆನೆಯ ಮೈಯಲ್ಲಿ ವಾಸನೆ ಹಿಡಿಯುವ ಜೀನುಗಳು ಸುಮಾರು 2000 ಇವೆ ಅಂತ 2014ರಲ್ಲಿ ಎಣಿಸಿದರು. ಮನುಷ್ಯನಿಗಿಂತ ಐದು ಪಟ್ಟು, ನಾಯಿಗಿಂತ ಎರಡು ಪಟ್ಟು. ಕೀನ್ಯಾದ ಅಂಬೊಸೆಲಿಯಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ಅಲ್ಲಿ ಮಸಾಯಿ ದನಗಾಹಿಗಳ ಹುಡುಗರು ಈಟಿಯಿಂದ ಆನೆ ತಿವಿಯುವುದುಂಟು. ಕಾಂಬಾ ಜನ ಬೇಸಾಯಗಾರರು, ಅವರಿಂದ ಆನೆಗೆ ಅಷ್ಟು ಅಪಾಯವಿಲ್ಲ. ಮಸಾಯಿ ಉಟ್ಟು ಬಿಟ್ಟ ಬಟ್ಟೆಯ ವಾಸನೆ ಬಂದರೆ ಆನೆಗಳು ಹೆಚ್ಚು ದೂರ ಓಡಿದವು ಅಂತ 2007ರಲ್ಲಿ ವರದಿಯಾಯಿತು. 2014ರಲ್ಲಿ ಧ್ವನಿಯ ಸರದಿ. "ಅಗೋ ನೋಡಿ, ಆನೆಗಳ ಹಿಂಡು ಬರ್ತಿದೆ" ಅಂತ ಒಂದೇ ಅರ್ಥದ ಮಾತನ್ನು ಎರಡು ಭಾಷೆಯಲ್ಲಿ ಕೇಳಿಸಿದರು. ಮಸಾಯಿ ಗಂಡಸಿನ ದನಿಗೆ ಆನೆಗಳು ಒತ್ತಾಗಿ ನಿಂತು ಹಿಂದೆ ಸರಿದವು. ಕಾಂಬಾ ಗಂಡಸಿನ ದನಿಗೆ ಅಷ್ಟಿಲ್ಲ. ಮಸಾಯಿ ಹೆಂಗಸರು, ಹುಡುಗರ ದನಿಗೂ ಅಷ್ಟಿಲ್ಲ.

ಹಾಸ್ಟೆಲಿನಲ್ಲಿ ಇದನ್ನು ಓದಿ ಹೇಳಿದಾಗ ಗೆಳೆಯನೊಬ್ಬ ನಕ್ಕ. "ಹಂಗಾದ್ರೆ ಆನೆಗೂ ಜಾತಿ ಗೊತ್ತು ಅನ್ನು!" ನಗು ಬಂತು, ಆಮೇಲೆ ಬರಲಿಲ್ಲ. ಒಂದು ಅರ್ಥದಲ್ಲಿ ಹೌದು. ಈಟಿಯನ್ನೇ ಮುಟ್ಟದ ಮಸಾಯಿಯೂ ಅಲ್ಲಿ ತನ್ನವರ ವಾಸನೆಗೆ ಸಿಕ್ಕಿಬೀಳುತ್ತಾನೆ. ಆದರೆ ಆನೆ ಈಟಿ ಕಂಡ ಮೇಲೆ ಹೆದರಿತು. ಹೆಂಗಸು ಮಕ್ಕಳನ್ನು ಬೇರೆ ಮಾಡಿ ನೋಡಿತು. ನಮ್ಮೂರು ನಮ್ಮ ಯಾವ ಈಟಿ ಕಂಡಿತ್ತು? ನಮ್ಮ ಅವ್ವಂದಿರನ್ನು, ಮಕ್ಕಳನ್ನು ಎಂದು ಬೇರೆ ಮಾಡಿತು? 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ ಕೆರೆಯ ನೀರು ಕುಡಿದರು. ಅದೇ ಕೆರೆಯಲ್ಲಿ ದನಕರು ಕುಡಿಯುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ದನ ಅಂದಾಗ ನೆನಪಾಯಿತು. ನಮ್ಮ ಅಪ್ಪಂದಿರು ಗೌಡರ ಕೊಟ್ಟಿಗೆಯಲ್ಲಿ ಬೆಳೆದವರು. ಎತ್ತಿನ ಮೈ ತಿಕ್ಕುತ್ತಿದ್ದವರು, ಹುರುಳಿ ಬೇಯಿಸಿ ಹಾಕುತ್ತಿದ್ದವರು ಇವರು. ಎತ್ತು ಇವರ ಕೈ ನೆಕ್ಕುತ್ತಿತ್ತು, ಇವರ ಹೆಜ್ಜೆ ಸದ್ದಿಗೆ ಕಿವಿ ಎತ್ತುತ್ತಿತ್ತು. ಕೊಟ್ಟಿಗೆಗೂ ಹಜಾರಕ್ಕೂ ಒಂದು ಹೊಸಿಲು ಅಡ್ಡ. ಆ ಹೊಸಿಲನ್ನು ಎತ್ತು ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. ಅದು ಸತ್ತರೆ ಹೊತ್ತು ಸುಲಿಯುವ ಕೈಯೂ ಇದೇ. ಅದೂ ಅದಕ್ಕೆ ಗೊತ್ತಿರಲಿಲ್ಲ. ನಾಯಿಯ ಕತೆ ಬೇರೆ. ಊರ ಬೀದಿಯಲ್ಲಿ ಕೆಲವು ನಾಯಿಗಳು ನಮ್ಮ ಕೇರಿಯವರಿಗೇ ಹೆಚ್ಚು ಬೊಗಳುತ್ತಿದ್ದವು. ಒಡೆಯನ ದನಿ ಯಾರ ಮೇಲೆ ಏರುತ್ತದೋ ಅವರ ಮೇಲೆ ನಾಯಿಯ ದನಿಯೂ ಏರುತ್ತಿತ್ತು. ಅವುಗಳಿಗೂ ಯಾರೋ ಕಲಿಸಿದ್ದು.

ಕಾಕನಕೋಟೆಯ ಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. 1974ರಲ್ಲಿ ಬೀಚನಹಳ್ಳಿಯ ಅಣೆಕಟ್ಟು ಮುಗಿದು ಖೆಡ್ಡಾ ನಡೆದ ಹೊಳೆ ದಡ ಕಬಿನಿ ಹಿನ್ನೀರಿನ ಪಾಲಾಯಿತು. ಆನೆಯನ್ನು ಉಳಿಸುವ ಕಾಲ ಬಂತು ಅಂದರು. ಒಳ್ಳೆಯದೇ. ಆದರೆ ಕಾಡಿನಿಂದ ಹೊರಗೆ ಬಿದ್ದವರು ಯಾರು? ತಮಟೆ ಹೊಡೆಸಿದವರಲ್ಲ. ನಾಗರಹೊಳೆಯಿಂದ 3418 ಕುಟುಂಬಗಳನ್ನು ಎಬ್ಬಿಸಲಾಗಿದೆ ಅಂತ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಹೇಳಿತು. ಆನೆಯ ವಾಸನೆಯನ್ನು ತಾವೂ ಹಿಡಿಯಬಲ್ಲ ಜೇನುಕುರುಬರು ಕಾಫಿ ತೋಟದ ಲೈನುಗಳಿಗೆ ಕೂಲಿ ಹೋದರು. 2025ರ ಮೇ ತಿಂಗಳಲ್ಲಿ ಕೆಲವು ಕುಟುಂಬಗಳು ಕರಡಿಕಲ್ಲು ಅತ್ತೂರು ಕೊಲ್ಲಿಯ ತಮ್ಮ ಹಳೇ ಹಾಡಿ ಜಾಗಕ್ಕೆ ತಾವೇ ವಾಪಸು ನಡೆದವು.

ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಆ ಬಯಲಲ್ಲಿ ಹಸಿರು ಹುಲ್ಲು ಏಳುತ್ತದೆ. ನೂರಾರು ಆನೆಗಳು ಸೇರುತ್ತವೆ. ಜೀಪಿನಲ್ಲಿ ಬಂದವರು ಕ್ಯಾಮೆರಾ ಹಿಡಿಯುತ್ತಾರೆ. ಆನೆ ಅರವತ್ತು ವರ್ಷ ಬದುಕಬಲ್ಲದು. 1971ರಲ್ಲಿ ತಾಯ ಹೊಟ್ಟೆಯ ಕೆಳಗೆ ನಿಂತು ತಮಟೆ ಕೇಳಿ ಹೇಗೋ ತಪ್ಪಿಸಿಕೊಂಡ ಹೆಣ್ಣು ಮರಿ ಇದ್ದಿದ್ದರೆ ಈಗ ಆ ಹಿಂಡಿನ ಮುದುಕಿ. ಅವಳು ಸೊಂಡಿಲು ಎತ್ತಿ ಗಾಳಿ ಮೂಸುವಾಗ ಜೀಪಿನವರು "ಎಷ್ಟು ಚೆಂದ" ಅನ್ನುತ್ತಾರೆ.

ಹೋದ ಸುಗ್ಗಿಯಲ್ಲಿ ನಾವೂ ಒಂದು ರಾತ್ರಿ ಅಟ್ಟಣೆ ಹತ್ತಿದ್ದೆವು. ಡಿಗ್ರಿ ಆದ ಮೇಲೂ ಕೂಲಿ ತಪ್ಪಿಲ್ಲ. ನಡುರಾತ್ರಿ ರಾಗಿ ಮುರಿಯುವ ಸದ್ದು, ಆಮೇಲೆ ಸದ್ದಿಲ್ಲ. ಅಪ್ಪ ಡಬ್ಬದ ಮೇಲೆ ಕೈ ಇಟ್ಟು ಬಡಿಯದೆ ಕೂತಿದ್ದ. "ಯಾಕಪ್ಪಾ?" ಅಂದೆವು. "ತಡಿ, ನಿಂತು ಮೂಸ್ತಾ ಅದೆ" ಅಂದ.