ಮೊಲ, ಮಹಾಯುದ್ಧ ಮತ್ತು ಕ್ಯಾರೆಟ್ ಅನ್ನೋ ಸುಳ್ಳು

(1/3)
ಹೋದ ವಾರ ನಮ್ಮ ಮನೆ ಮೊಲದ ಫೋಟೋ ಹಾಕಿದ್ದೆ. ಅರ್ಧ ಕ್ಲಾಸ್ ಕ್ಯಾರೆಟ್ ಇಮೋಜಿ ಕಳಿಸಿದ್ರಿ! ಇಬ್ಬರಂತೂ "ಒಂದು ಜೋಡಿ ತಂದು ಮರಿ ಮಾರಿದ್ರೆ ಪಾಕೆಟ್ ಮನಿ ಆಗುತ್ತಾ?" ಅಂತ ಮೆಸೇಜ್ ಮಾಡಿದ್ರು. ಆಗಬಹುದು. ಆದರೆ ಅದಕ್ಕೂ ಮೊದಲು 1940ರ ಇಂಗ್ಲೆಂಡಿಗೆ ಒಂದು ಸಲ ಹೋಗಿ ಬರೋಣ.

ಎರಡನೇ ಮಹಾಯುದ್ಧದ ಕಾಲ. 1940ರ ಮಾರ್ಚ್‌ನಲ್ಲಿ ಅಲ್ಲಿ ಮಾಂಸಕ್ಕೆ ರೇಷನ್ ಬಂತು. ತೂಕದ ಲೆಕ್ಕ ಅಲ್ಲ, ದುಡ್ಡಿನ ಲೆಕ್ಕ: ಒಬ್ಬರಿಗೆ ವಾರಕ್ಕೆ 1 ಶಿಲ್ಲಿಂಗ್ 10 ಪೆನ್ಸ್ ಬೆಲೆಯಷ್ಟು. (ಕಾಮರ್ಸ್‌ನವರು ಇದನ್ನ ಗಮನಿಸಿ. ಅಗ್ಗದ ಮಾಂಸ ತಗೊಂಡವರಿಗೆ ಜಾಸ್ತಿ ಸಿಗ್ತಿತ್ತು.) ಮೊಲದ ಮಾಂಸ ರೇಷನ್ನಿನಿಂದ ಹೊರಗಿತ್ತು. ಹಾಗಾಗಿ ಜನ ಹಿತ್ತಲಲ್ಲಿ ಮರದ ಪೆಟ್ಟಿಗೆ ಜೋಡಿಸಿ ಮೊಲ ಸಾಕೋಕೆ ಶುರು ಮಾಡಿದ್ರು. ಮೊಲದ ಕ್ಲಬ್ಬುಗಳು ಹುಟ್ಟಿಕೊಂಡವು. ಕ್ಲಬ್ ಸೇರಿದ್ರೆ ಮರಿ ಹಾಕೋ ಹೆಣ್ಣು ಮೊಲಕ್ಕೆ ಸ್ವಲ್ಪ ಬೂಸಾ ಸಿಗ್ತಿತ್ತು, ಬದಲಿಗೆ ಮರಿಗಳಲ್ಲಿ ಒಂದು ಪಾಲನ್ನ ಬೇರೆಯವರಿಗೆ ಮಾರಬೇಕಿತ್ತು.

(2/3)
ಮನುಷ್ಯರಿಗೇ ಊಟ ಅಳೆದು ಕೊಡೋ ಕಾಲದಲ್ಲಿ ಮೊಲಕ್ಕೆ ಕ್ಯಾರೆಟ್ ಯಾರು ಹಾಕ್ತಾರೆ? ಮಕ್ಕಳು ರಸ್ತೆ ಬದಿಯಿಂದ ಡ್ಯಾಂಡೆಲಿಯನ್, ಹಾಗ್‌ವೀಡ್ ತರಹದ ಕಳೆ ಸೊಪ್ಪು ಕಿತ್ತು ಚೀಲದಲ್ಲಿ ತರ್ತಿದ್ರು. ಬೇಸಿಗೆ ಹುಲ್ಲನ್ನ ಒಣಗಿಸಿ ಚಳಿಗಾಲಕ್ಕೆ ಇಡ್ತಿದ್ರು. ಆಲೂಗಡ್ಡೆ ಸಿಪ್ಪೆ ಇದ್ರೆ ಬೇಯಿಸಿ, ಬೂಸಾ ಕಲಸಿ, ಉದುರುದುರಾಗಿ ಸ್ವಲ್ಪ ಕೊಡ್ತಿದ್ರು. ಏನು ಕೊಡಬಾರದು ಅನ್ನೋದನ್ನೂ ಕಲಿಯಬೇಕಿತ್ತು. ನೋಡೋಕೆ ಚಂದದ ಫಾಕ್ಸ್‌ಗ್ಲವ್ ಗಿಡ ವಿಷ. ಕೊಯ್ದು ರಾಶಿ ಹಾಕಿದ ಹಸಿ ಹುಲ್ಲೂ ಅಪಾಯ, ಒಳಗೇ ಕಾವು ಹತ್ತಿ ಹುದುಗುತ್ತೆ. ಅದು ಮೊಲದ ಹೊಟ್ಟೆಗೆ ಹೋದ್ರೆ ಉಬ್ಬರ. ಮೊಲಕ್ಕೆ ವಾಂತಿ ಮಾಡೋಕೆ ಬರಲ್ಲ, ಗೊತ್ತಾ?

ಬಡತನದ ಆ ಊಟವೇ ಮೊಲದ ಮೈಗೆ ಹೆಚ್ಚುಕಡಿಮೆ ಸರಿಹೋಗ್ತಿತ್ತು. ಅದರ ಹಲ್ಲು ಜೀವನಪೂರ್ತಿ ಬೆಳೀತಾನೇ ಇರುತ್ತೆ, ಹುಲ್ಲು ಅಗಿದು ಸವೀಬೇಕು. ಕರುಳು ಓಡ್ತಾ ಇರೋಕೂ ನಾರೇ ಬೇಕು. ಇನ್ನೊಂದು ವಿಷಯ, ಛೀ ಅನ್ನಬೇಡಿ: ಮೊಲ ತನ್ನ ಮೆತ್ತನೆ ಹಿಕ್ಕೆಯನ್ನ ತಾನೇ ತಿನ್ನುತ್ತೆ. ಅದು ಹಸಿವಿಗಲ್ಲ, ರೋಗವೂ ಅಲ್ಲ. ಒಮ್ಮೆ ಹಾದುಹೋದ ಆಹಾರದ ಸತ್ವವನ್ನ ಎರಡನೇ ಸಲ ಹೀರಿಕೊಳ್ಳೋ ದಾರಿ. ಮೊರೊ ಅನ್ನೋ ಫ್ರೆಂಚ್ ಪಶುವೈದ್ಯ 1882ರಲ್ಲೇ ಇದನ್ನ ವಿವರಿಸಿದ್ದ.

ಹಾಗಾದ್ರೆ ಕ್ಯಾರೆಟ್? ಅದೇ 1940ರ ಜುಲೈನಲ್ಲಿ ಅಮೆರಿಕದಲ್ಲಿ 'ಎ ವೈಲ್ಡ್ ಹೇರ್' ಅನ್ನೋ ಕಾರ್ಟೂನ್ ಬಂತು. ಬಗ್ಸ್ ಬನ್ನಿ ಕ್ಯಾರೆಟ್ ಕಡೀತಾ ನಿಂತ. ನಾವು ನಂಬಿಬಿಟ್ವಿ.

(3/3)
ನಾನೂ ನಂಬಿದ್ದೆ. ಪಿಯುಸಿ ಓದುವಾಗ ಸಂತೆಯಿಂದ ಎರಡು ಮರಿ ತಂದಿದ್ದೆ. ಮೂರು ಹೊತ್ತೂ ಕ್ಯಾರೆಟ್, ಎಲೆಕೋಸು, ಜೊತೆಗೆ ನಾನು ತಿನ್ನೋ ಬಿಸ್ಕತ್ತು. ಹುಲ್ಲು ಯಾಕೆ, ಪಾಪ ಅಂತ. ಒಂದು ದಿನ ಬಿಳಿ ಮರಿ ತಿನ್ನೋದು ಬಿಟ್ಟು ಮೂಲೇಲಿ ಕೂತಿತು. ನಾಳೆ ನೋಡೋಣ ಅಂದ್ಕೊಂಡೆ. ಬೆಳಿಗ್ಗೆ ಹೊಟ್ಟೆ ಮದ್ದಳೆ ತರ ಬಿಗಿದಿತ್ತು, ಮಧ್ಯಾಹ್ನಕ್ಕೆ ಹೋಯ್ತು. ಮೊಲ ಅರ್ಧ ದಿನ ತಿನ್ನದೇ ಕೂತ್ರೂ ಡಾಕ್ಟರ ಹತ್ತಿರ ಓಡಬೇಕು ಅಂತ ಆಮೇಲೆ ಗೊತ್ತಾಯ್ತು.

ಫೋಟೋದಲ್ಲಿರೋದು ಉಳಿದ ಇನ್ನೊಂದು. ಈಗ ಅದರ ಮುಂದೆ ಒಣಹುಲ್ಲು ಯಾವಾಗಲೂ ಇರುತ್ತೆ, ಜೊತೆಗೆ ಗರಿಕೆ, ಶುದ್ಧ ನೀರು. ಕ್ಯಾರೆಟ್ ಒಂದು ಚೂರು, ಅದೂ ಅಪರೂಪಕ್ಕೆ.

ಮೆಸೇಜ್ ಮಾಡಿದ ಇಬ್ಬರಿಗೆ: ಗೂಡು ಕೊಳ್ಳೋ ಮೊದಲು, ಏಪ್ರಿಲ್ ಬಿಸಿಲಲ್ಲಿ ನಿಮ್ಮ ಮನೆ ಹತ್ತಿರ ಹುಲ್ಲು ಎಲ್ಲಿ ಸಿಗುತ್ತೆ, ದಿನಕ್ಕೆ ಎಷ್ಟು ಖರ್ಚು ಅಂತ ಬರೆದು ಕಳಿಸಿ. ಮರಿ ರೇಟು ಆಮೇಲೆ ಮಾತಾಡೋಣ.