ಐದು ಊರುಗಳ ಖಾತೆ, ಒಂದು ಟಿಕೆಟು

ರೈಲು ಟಿಕೆಟಿನ ಮೇಲಿನ ಹತ್ತು ಅಂಕಿಗಳ ಪಿಎನ್‌ಆರ್ ಸಂಖ್ಯೆಯನ್ನು ಹೊರನಾಡಿನಲ್ಲಿರುವ ನಾವು ಎಷ್ಟು ಸಲ ಬರೆದುಕೊಂಡಿದ್ದೇವೋ ಲೆಕ್ಕವಿಲ್ಲ. ಆದರೆ ಅದರ ಮೊದಲ ಅಂಕಿಯನ್ನು ಗಮನಿಸಿದವರು ಕಡಿಮೆ. ಸಾಮಾನ್ಯವಾಗಿ 8 ಎಂದಿದ್ದರೆ ಮುಂಬಯಿ, 2 ಎಂದಿದ್ದರೆ ದೆಹಲಿ, 6 ಕೋಲ್ಕತ್ತ, 4 ಚೆನ್ನೈ, 1 ಸಿಕಂದರಾಬಾದ್. ಬೆಂಗಳೂರಿಗೆ ಸ್ವಂತ ಅಂಕಿಯಿಲ್ಲ. ಅದು ಚೆನ್ನೈಯ ಲೆಕ್ಕಕ್ಕೆ ಸೇರಿದೆ. ಈ ಅಂಕಿ, ಒಂದು ಕಾಲಕ್ಕೆ ಪರಸ್ಪರ ಮಾತುಕತೆಯೇ ಇಲ್ಲದಿದ್ದ ಐದು ಖಾತೆಗಳನ್ನು ಹೊಲಿದು ಒಂದು ಮಾಡಿದಾಗ ಉಳಿದುಕೊಂಡ ಹೊಲಿಗೆಯ ಗುರುತು.

ಗಣಕಯಂತ್ರ ಬರುವ ಮೊದಲು ಪ್ರತಿ ರೈಲಿಗೆ, ಪ್ರತಿ ದಿನಾಂಕಕ್ಕೆ ರಿಜಿಸ್ಟರಿನಲ್ಲಿ ಬೇರೆಯೇ ಹಾಳೆ ಇರುತ್ತಿತ್ತು. ಗುಮಾಸ್ತರು ಬರ್ತಿನ ಎದುರು ಹೆಸರು ಬರೆದರೆ ಆ ಜಾಗ ನಿಮ್ಮದು. ಒಂದೊಂದು ಕಿಟಕಿಯಲ್ಲಿ ಒಂದೊಂದು ರೈಲಿನ ಪುಸ್ತಕ. ತಪ್ಪು ಸಾಲಿನಲ್ಲಿ ನಿಂತವರು ಮತ್ತೆ ಮೊದಲಿನಿಂದ ನಿಲ್ಲಬೇಕು. ಪುಸ್ತಕವು ರೈಲು ಹೊರಡುವ ಊರಿನಲ್ಲಿರುತ್ತಿದ್ದುದರಿಂದ ಮರುಪ್ರಯಾಣದ ಕಾಯ್ದಿರಿಸುವಿಕೆಗೆ ತಂತಿ ಕಳಿಸಬೇಕಾಗಿತ್ತು. ಉತ್ತರ ಬಂದರೆ ಬಂತು. ಹೀಗಾಗಿ ತಂಗಿಯ ಮದುವೆಗೆಂದು ಹದಿನೈದು ದಿನ ರಜೆ ಹಾಕಿ ಊರಿಗೆ ಬಂದವರು ಮರುದಿನ ಬೆಳಿಗ್ಗೆಯೇ ಚಪ್ಪರದ ಕೆಲಸ ಬಿಟ್ಟು ಸ್ಟೇಷನ್ನಿನ ಸಾಲಿಗೆ ಓಡುತ್ತಿದ್ದರು. ರಜೆ ಮುಗಿದ ದಿನ ಕೆಲಸಕ್ಕೆ ಹಾಜರಾಗದಿದ್ದರೆ ಸಂಬಳಕ್ಕೆ ಕತ್ತರಿ.

1985ರ ಕೊನೆಗೆ ನವದೆಹಲಿಯಲ್ಲಿ ಮೊದಲ ಗಣಕೀಕೃತ ಕಾಯ್ದಿರಿಸುವಿಕೆ ಪ್ರಯೋಗವಾಗಿ ಆರಂಭವಾಯಿತು. ಸರ್ಕಾರಿ ಸ್ವಾಮ್ಯದ ಸಿಎಂಸಿ ಸಂಸ್ಥೆ ಬರೆದ ಆ ತಂತ್ರಾಂಶದ ಹೆಸರು ಇಂಪ್ರೆಸ್. ಅದು ಓಡುತ್ತಿದ್ದುದು ಡಿಜಿಟಲ್ ಕಂಪನಿಯ ವ್ಯಾಕ್ಸ್ ಯಂತ್ರಗಳ ಮೇಲೆ. ಯಾವ ಕಿಟಕಿಯಲ್ಲಾದರೂ ಯಾವ ರೈಲಿನ ಟಿಕೆಟನ್ನಾದರೂ ಪಡೆಯಬಹುದೆಂಬುದು ಆಗ ಪವಾಡದಂತೆಯೇ ಕಂಡಿತು. ಕೆಲವೇ ವರ್ಷಗಳಲ್ಲಿ ಬೊಂಬಾಯಿ, ಕಲ್ಕತ್ತ, ಮದ್ರಾಸು, ಸಿಕಂದರಾಬಾದುಗಳಲ್ಲೂ ಕೇಂದ್ರಗಳು ಬಂದವು. ಆದರೆ ಇವು ಐದು ದ್ವೀಪಗಳು. ಪುಸ್ತಕ ಹೋಗಿ ಪರದೆ ಬಂದಿತ್ತು. ಮದ್ರಾಸಿನ ಪುಸ್ತಕ ಬೊಂಬಾಯಿಗೆ ಕಾಣದೆಂಬ ಹಳೆಯ ಸತ್ಯ ಹಾಗೆಯೇ ಇತ್ತು.

ಇವುಗಳನ್ನು ಕೂಡಿಸುವುದು ಹೇಗೆ? ಬ್ಯಾಂಕು, ಕಾರ್ಖಾನೆ, ಆಸ್ಪತ್ರೆ, ಎಲ್ಲಿಯೇ ಆಗಲಿ ಬೇರೆ ಬೇರೆ ತಂತ್ರಾಂಶಗಳನ್ನು ಬೆಸೆಯುವವರ ಮುಂದೆ ಬರುವ ಪ್ರಶ್ನೆಯೇ ಇದು. ಮೊದಲ ದಾರಿ, ಎಲ್ಲವನ್ನೂ ಒಂದೇ ಕೇಂದ್ರಕ್ಕೆ ತಂದು ಸುರಿಯುವುದು. ಕೇಳಲು ಸರಳ. ಆದರೆ ಆ ಕಾಲದ ನಮ್ಮ ಟೆಲಿಫೋನ್ ತಂತಿಗಳನ್ನು ನೆನೆದರೆ ಸಾಕು: ದೆಹಲಿಯ ಸಂಪರ್ಕ ಕಡಿದ ದಿನ ಮಂಗಳೂರಿನವರಿಗೆ ಪಕ್ಕದ ಊರಿಗೂ ಟಿಕೆಟಿಲ್ಲ. ಎರಡನೆಯದು, ಪ್ರತಿ ರಾತ್ರಿ ಒಬ್ಬರ ಖಾತೆಯನ್ನು ಇನ್ನೊಬ್ಬರಿಗೆ ನಕಲು ಮಾಡಿ ಕಳಿಸುವುದು. ಬಹಳಷ್ಟು ಕಂಪನಿಗಳು ದಶಕಗಳ ಕಾಲ ನಡೆಸಿದ್ದು ಇದನ್ನೇ, ಇಂದಿಗೂ ನಡೆಸುತ್ತಿರುವವರಿದ್ದಾರೆ. ಪ್ರಯಾಣದರದ ಪಟ್ಟಿ ಇಂಥ ನಕಲಿಗೆ ಒಗ್ಗುತ್ತದೆ, ಏಕೆಂದರೆ ಅದು ವರ್ಷಕ್ಕೊಮ್ಮೆಯೋ ಎರಡು ಸಲವೋ ಬದಲಾಗುತ್ತದೆ. ಬರ್ತು ಒಗ್ಗುವುದಿಲ್ಲ. ನಿನ್ನೆಯ ನಕಲನ್ನು ನೋಡಿ ಮಾರಿದರೆ ಒಂದೇ ಬರ್ತಿಗೆ ಇಬ್ಬರು ಒಡೆಯರಾಗಿ ಅರಸೀಕೆರೆಯಲ್ಲಿ ಜಗಳ ನಿಶ್ಚಿತ.

ರೈಲ್ವೆ ಹಿಡಿದದ್ದು ಮೂರನೆಯ ದಾರಿ. 1986ರಲ್ಲಿ ಸ್ಥಾಪಿತವಾದ ರೈಲ್ವೆ ಮಾಹಿತಿ ವ್ಯವಸ್ಥೆಗಳ ಕೇಂದ್ರ, ಅಂದರೆ ಕ್ರಿಸ್, ಹೊಸ ತಂತ್ರಾಂಶವೊಂದನ್ನು ಬರೆಯಿತು. ಅದಕ್ಕೆ ಇಟ್ಟ ಹೆಸರು ಕಾನ್ಸರ್ಟ್. ಕನ್ನಡದಲ್ಲಿ ಹೇಳುವುದಾದರೆ ಕಚೇರಿ. ಸಂಗೀತಕ್ಕೂ ಸರ್ಕಾರಕ್ಕೂ ಒಂದೇ ಪದ ಸಲ್ಲುವ ನಮ್ಮ ಭಾಷೆಯಲ್ಲಿ ಈ ಹೆಸರು ಎರಡು ಪಾಲು ಒಪ್ಪುತ್ತದೆ. ಅದರ ಒಳಗುಟ್ಟು ಇಷ್ಟೇ: ಪ್ರತಿ ರೈಲಿಗೂ ಐದರಲ್ಲಿ ಒಂದು ತವರುಮನೆ. ಆ ರೈಲಿನ ಬರ್ತುಗಳ ಲೆಕ್ಕ ಅಲ್ಲಿ ಮಾತ್ರ. ಬೇರೆ ಊರಿನ ಕಿಟಕಿಯಲ್ಲಿ ಕೇಳಿದರೆ ಬೇಡಿಕೆ ತವರಿಗೆ ಪ್ರಯಾಣ ಮಾಡಿ, ಬರ್ತನ್ನು ಗುರುತು ಹಾಕಿಸಿಕೊಂಡು, ಉತ್ತರದೊಂದಿಗೆ ಹಿಂದಿರುಗುತ್ತದೆ. ಖಾತೆ ಕದಲುವುದಿಲ್ಲ, ಸಂದೇಶ ಓಡಾಡುತ್ತದೆ.

ತೊಡಕು ಇರುವುದು ಆ ಓಡಾಟದ ನಡುವೆ. ಚೆನ್ನೈಯಲ್ಲಿ ಬರ್ತು ಗುರುತಾಗಿ, ಉತ್ತರ ಮುಂಬಯಿ ತಲಪುವ ಮೊದಲೇ ಸಂಪರ್ಕ ಕಡಿದರೆ? ಚೆನ್ನೈ ಮಾರಿದೆನೆನ್ನುತ್ತದೆ, ಮುಂಬಯಿಯ ಕಿಟಕಿಯಲ್ಲಿ ಟಿಕೆಟೂ ಇಲ್ಲ, ಹಣವೂ ಕಟ್ಟಿಲ್ಲ. ಎರಡೂ ಕಡೆ ನಡೆಯಬೇಕು, ಇಲ್ಲವೇ ಎರಡೂ ಕಡೆ ನಡೆಯಲೇಬಾರದು. ಈ ನಿಯಮವನ್ನು ಶಾಸ್ತ್ರಬದ್ಧಗೊಳಿಸಿದವರಲ್ಲಿ ಪ್ರಮುಖರಾದ ಅಮೆರಿಕದ ಜಿಮ್ ಗ್ರೇ 1981ರ ತಮ್ಮ ಪ್ರಬಂಧದಲ್ಲಿ ಅದನ್ನು ಕ್ರೈಸ್ತರ ಮದುವೆಗೆ ಹೋಲಿಸಿದ್ದರು. ಪಾದ್ರಿ ಇಬ್ಬರನ್ನೂ ಕೇಳುತ್ತಾರೆ. ಇಬ್ಬರೂ ಒಪ್ಪಿದ ಮೇಲಷ್ಟೇ ಮದುವೆಯಾಯಿತೆಂದು ಘೋಷಣೆ. ಕಾನ್ಸರ್ಟ್‌ನಲ್ಲಿ ಈ ಪೌರೋಹಿತ್ಯ ವಹಿಸಿದ್ದು ಡಿಜಿಟಲ್ ಕಂಪನಿಯದೇ ಆದ ರಿಲಯಬಲ್ ಟ್ರಾನ್ಸಾಕ್ಷನ್ ರೂಟರ್ ಎಂಬ ಮಧ್ಯವರ್ತಿ ತಂತ್ರಾಂಶ.

ಇನ್ನೊಂದು ಸಂಗತಿಯ ಬಗ್ಗೆ ತಂತ್ರಜ್ಞರು ಹೆಚ್ಚು ಮಾತಾಡುವುದಿಲ್ಲ. ಎರಡು ಖಾತೆಗಳು ಕೂಡಬೇಕಾದರೆ ಮೊದಲು ಇಬ್ಬರೂ ಒಂದು ವಸ್ತುವನ್ನು ಒಂದೇ ಹೆಸರಿನಿಂದ ಕರೆಯಬೇಕು. ಕಂಪನಿಗಳ ವಿಲೀನದಲ್ಲಿ ವರ್ಷಗಟ್ಟಲೆ ಒದ್ದಾಟವಾಗುವುದು ಇಲ್ಲಿಯೇ: ಒಬ್ಬರ ಗಿರಾಕಿ ಸಂಖ್ಯೆ ಇನ್ನೊಬ್ಬರಿಗೆ ಅರ್ಥವಾಗದು. ರೈಲ್ವೆಯಲ್ಲಿ ಈ ಕೆಲಸದ ದೊಡ್ಡ ಪಾಲನ್ನು ತಂತಿಯ ಕಾಲದ ಗುಮಾಸ್ತರು ಆಗಲೇ ಮುಗಿಸಿಟ್ಟಿದ್ದರು. ನಿಲ್ದಾಣಗಳಿಗೆ ಚಿಕ್ಕ ಸಂಕೇತಾಕ್ಷರಗಳಿದ್ದವು, ರೈಲುಗಳಿಗೆ ಸಂಖ್ಯೆಗಳಿದ್ದವು. ಬ್ಯಾಂಗಲೋರ್ ಬೆಂಗಳೂರಾಯಿತು, ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರು ಬಂತು. ಸಂಕೇತ ಮಾತ್ರ ಇಂದಿಗೂ ಎಸ್‌ಬಿಸಿ. ಹೆಸರಿಗಿಂತ ಸಂಕೇತದ ಆಯುಸ್ಸು ದೊಡ್ಡದು.

ಕಾನ್ಸರ್ಟ್ ಮೊದಲು ಬಂದದ್ದು ಸಿಕಂದರಾಬಾದಿಗೆ, 1994ರಲ್ಲಿ. ಐದೂ ಕೇಂದ್ರಗಳು ಕೂಡಿದ್ದು 1999ರ ಏಪ್ರಿಲ್‌ನಲ್ಲಿ. ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದದ್ದು ಅದರ ಹಿಂದಿನ ವರ್ಷದ ಜನವರಿಯಲ್ಲಿ. ಹದಿನೈದು ತಿಂಗಳ ಅಂತರದಲ್ಲಿ ಮುಂಬಯಿಯ ಕರಾವಳಿ ಕನ್ನಡಿಗರಿಗೆ ಊರಿನ ನೇರ ಹಾದಿಯೂ ದೊರಕಿತು, ಹೋಗುವ ಮೊದಲೇ ಹಿಂದಿರುಗುವ ಟಿಕೆಟೂ ದೊರಕಿತು. ಇವೆರಡರಲ್ಲಿ ಸುರಂಗಗಳ, ಸೇತುವೆಗಳ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಎರಡನೆಯದನ್ನು ಹೇಳಿದವರನ್ನು ನಾನು ಕಂಡಿಲ್ಲ.

ಕಳೆದುಕೊಂಡದ್ದೂ ಇದೆ. 2002ರಲ್ಲಿ ಅಂತರಜಾಲದ ಟಿಕೆಟು ಬಂದ ಮೇಲೆ ದೂರವೆಂಬ ಬೇಲಿ ಪೂರ್ತಿ ಬಿತ್ತು. ಮೊದಲು ನಮ್ಮೂರ ನಿಲ್ದಾಣದ ಸಾಲಿನಲ್ಲಿ ಮುಂದೆ ನಿಂತವರಿಗೆ ಒಂದಿಷ್ಟು ಅನುಕೂಲವಿತ್ತು. ಈಗ ದೀಪಾವಳಿಯ ಹಿಂದಿನ ದಿನದ ಬರ್ತಿಗೆ ದೇಶದ ಎಲ್ಲ ಮೂಲೆಗಳಿಂದಲೂ ಒಂದೇ ಕ್ಷಣದಲ್ಲಿ ಕೈ ಚಾಚುತ್ತದೆ. ಖಾತೆಗಳು ಕೂಡಿದ್ದರಿಂದ ಬೋಗಿಗಳೇನೂ ಹೆಚ್ಚಲಿಲ್ಲ. ಇಂಟರ್‌ನೆಟ್ಟಿನ ಗೊಡವೆ ತಿಳಿಯದ ಕಟ್ಟಡ ಕೂಲಿಯವರಿಗೆ ಈ ಏಕೀಕರಣದಿಂದ ಲಾಭವಾಯಿತೋ ನಷ್ಟವಾಯಿತೋ ಎಂದು ಕೇಳಿದರೆ ನಾನು ನಷ್ಟವೆಂದೇ ಹೇಳುತ್ತೇನೆ.

ಐದು ತವರುಮನೆಗಳು ಇಂದು ಯಾರ ಕಣ್ಣಿಗೂ ಬೀಳುವುದಿಲ್ಲ. ರಾತ್ರಿ ಹನ್ನೆರಡು ಗಂಟೆಯ ಆಸುಪಾಸಿನಲ್ಲಿ ಟಿಕೆಟು ಕೊಳ್ಳಲು ಕುಳಿತವರಿಗೆ ಮಾತ್ರ ಅರ್ಧ ಗಂಟೆಯ ಹೊತ್ತು ಬಾಗಿಲು ಮುಚ್ಚಿರುವುದು ಕಾಣುತ್ತದೆ. ಆ ಹೊತ್ತಿನಲ್ಲಿ ದಿನಾಂಕ ಬದಲಾಗುತ್ತಿರುತ್ತದೆ. ಹಳೆಯ ಗುಮಾಸ್ತರು ರಿಜಿಸ್ಟರಿನ ಹಾಳೆ ತಿರುವುತ್ತಿದ್ದ ಕೆಲಸವನ್ನು ಯಂತ್ರಗಳು ಮಾಡುತ್ತಿರುತ್ತವೆ.